ಮೂಗಿನ ಅಳತೆಯೂ ಮುಕ್ಕಾಲಿಯ ಮಂಗಲವೂ

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ ಕೊಡಗಿನ ಗ್ರಂಥವು 1952ರಲ್ಲಿ ಪ್ರಕಟವಾದಂದಿನಿಂದ ಅದನ್ನು ಕುರಿತು ನಮ್ಮ ವಿದ್ವಾಂಸರು ಬರೆದುದರಲ್ಲಿ ಬಹುಪಾಲು ‘ಸಂಸ್ಕೃತೀಕರಣ’ (ಕೆಳಜಾತಿಗಳು ಮೇಲ್ಜಾತಿಯ ಆಚಾರಗಳನ್ನು ಅನುಕರಿಸಿ ಮೇಲೇರುವುದು) ಎಂಬ ಒಂದೇ ಪದಕ್ಕೆ ಪ್ರದಕ್ಷಿಣೆ ಬಂದು ಮುಗಿದಿದೆ. ಆ ಪದಕ್ಕೆ ದೊರೆತ ಕೀರ್ತಿ ಅತಿಯಾದುದು. ಗ್ರಂಥದ ಸತ್ತ್ವವಿರುವುದು ಅದರ ಆಚಾರವರ್ಣನೆಯಲ್ಲಿ. ಆ ವರ್ಣನೆಯ ಬೆಲೆ ತಿಳಿಯಲು ಅದಕ್ಕೆ ಮುಂಚಿನ ಅಳತೆಯ ಮಾರ್ಗವನ್ನು ನೆನೆಯಬೇಕು.

1901ರ ಜನಗಣತಿಯ ಮುಖ್ಯಾಧಿಕಾರಿ ಹರ್ಬರ್ಟ್ ರಿಸ್ಲೆ, ಮೂಗಿನ ಅಗಲವನ್ನು ನೂರರಿಂದ ಗುಣಿಸಿ ಉದ್ದದಿಂದ ಭಾಗಿಸಿ, ಬಂದ ಅಂಕ ಕಿರಿದಾದಷ್ಟೂ ಜಾತಿಯ ಅಂತಸ್ತು ಹಿರಿದೆಂದು ಸಾರಿದವನು. ಕೊಡವರನ್ನು ಮರಾಠಾ ಬ್ರಾಹ್ಮಣರೊಡನೆ ‘ಸಿಥಿಯ-ದ್ರಾವಿಡ’ ಪಂಗಡಕ್ಕೆ ಸೇರಿಸಿದವನೂ ಅವನೇ. ಶ್ರೀನಿವಾಸರ ಗುರು ಘುರ್ಯೆ 1932ರಲ್ಲಿ ಆ ಅಂಕಗಳನ್ನೇ ಹಿಡಿದು ರಿಸ್ಲೆಯನ್ನು ಪ್ರಶ್ನಿಸಿದರು. ಶಿಷ್ಯರ ಮಾರ್ಗ ಬೇರೆ: ಅಳತೆಗಾರನು ಕಾಣದುದನ್ನು ಅವರು ವರ್ಣಿಸಿದರು.

ಕೊಡವರ ‘ಮಂಗಲ’ವೆಂಬ ವಿಧಿಯನ್ನು ಕುರಿತ ಪುಟಗಳನ್ನು ನೋಡಬೇಕು. ಮುಕ್ಕಾಲಿಯ ಮೇಲೆ ಪೂರ್ವಾಭಿಮುಖವಾಗಿ ಕುಳಿತವರಿಗೆ ಬಂಧುಗಳು ಒಬ್ಬೊಬ್ಬರಾಗಿ ಬಂದು, ಅಕ್ಕಿ ತಳಿದು, ಹಾಲು ಕುಡಿಸಿ, ನಾಣ್ಯವೊಂದನ್ನು ಕೈಗಿಡುವ ಈ ವಿಧಿಯು ವಧೂವರರಿಗೆ ಸಲ್ಲುವಂತೆಯೇ ಹುಲಿಯನ್ನು ಕೊಂದ ವೀರನಿಗೂ ‘ನರಿ ಮಂಗಲ’ವಾಗಿ (ಕೊಡವರ ನುಡಿಯಲ್ಲಿ ನರಿಯೆಂದರೆ ಹುಲಿ) ಸಲ್ಲುತ್ತಿತ್ತು. ಮದುವೆಗೂ ಬೇಟೆಗೂ ಏನು ಸಂಬಂಧವೆಂದು ಕೇಳುವ ಓದುಗನಿಗೆ, ಇಲ್ಲಿ ಗಣ್ಯವಾದದ್ದು ಒಬ್ಬನ ರಕ್ತವಲ್ಲ, ಅವನ ಒಕ್ಕದ (ಪಿತೃವಂಶೀಯ ಕೂಡುಕುಟುಂಬದ) ನಡುವೆ ಅವನಿಗೊದಗಿದ ಹೊಸ ಸ್ಥಾನ, ಎಂಬುದು ಮೆಲ್ಲನೆ ಹೊಳೆಯುತ್ತದೆ. ಅಂತಸ್ತಿನಲ್ಲಿ ಕೆಳಗಿನವರೆಂದು ಎಣಿಸಲ್ಪಟ್ಟ ಮೇದರ ವಾದ್ಯವೂ ಇಂಥ ಸಮಾರಂಭಗಳಲ್ಲಿ ಮೊಳಗುವುದನ್ನು ನೆನೆದರೆ, ಮೂಗುಗಳನ್ನು ಜಾತಿವಾರಾಗಿ ವಿಂಗಡಿಸಿ ಸಂಸ್ಕೃತಿಯನ್ನು ತಿಳಿಯಹೊರಟವನ ಬಡತನ ವ್ಯಕ್ತವಾಗುತ್ತದೆ. ಇಷ್ಟನ್ನು ಶ್ರೀನಿವಾಸರು ವಾದವಾಗಿ ಮಂಡಿಸಿಲ್ಲ. ವರ್ಣನೆಯೇ ಅದನ್ನು ಸಾಧಿಸಿದೆ.

ದೋಷವಿಲ್ಲವೆನ್ನಲಾರೆ. ಆಕ್ಸ್‌ಫರ್ಡಿನಲ್ಲಿ ಮಾನವಶಾಸ್ತ್ರಜ್ಞ ರ್‍ಯಾಡ್‌ಕ್ಲಿಫ್-ಬ್ರೌನರಿಂದ ಪಡೆದ ದೃಷ್ಟಿಯ ಫಲವಾಗಿ ಇಲ್ಲಿ ಪ್ರತಿಯೊಂದು ಆಚಾರವೂ ಸಮಾಜವನ್ನು ಬೆಸೆಯುತ್ತಲೇ ಇರುತ್ತದೆ. ಡೋಲು ಬಾರಿಸುವವನ ಮನಸ್ಸಿನಲ್ಲಿ ಏನಿತ್ತೆಂಬ ಪ್ರಶ್ನೆ ಏಳುವುದೇ ಇಲ್ಲ.

ಆದರೆ ನಮ್ಮ ವಿಮರ್ಶಕರ ಆಕ್ಷೇಪ ಇದಲ್ಲ. ಗ್ರಂಥವೆಲ್ಲ ಬ್ರಾಹ್ಮಣದೃಷ್ಟಿಯದೆಂದು ಒಂದು ಪಕ್ಷ ಹಳಿದರೆ, ಮೇಲ್ಜಾತಿಯ ಅನುಕರಣೆಯ ಸೂತ್ರವೇ ಭಾರತವನ್ನೆಲ್ಲ ವಿವರಿಸುವುದೆಂದು ಮತ್ತೊಂದು ಪಕ್ಷ ಹೊಗಳುತ್ತದೆ. ಎರಡೂ ಪಕ್ಷದವರು ಓದಿರುವುದು ಅವೇ ಕೆಲವು ಪುಟಗಳನ್ನು. ಅನುಕರಣೆಯೇ ಸರ್ವಸ್ವವೆನ್ನುವವರು ಒಂದು ಪ್ರಶ್ನೆಗೆ ಉತ್ತರಿಸಲಿ: ಹಂದಿಮಾಂಸವನ್ನೂ ಮದ್ಯವನ್ನೂ ಬಿಡದೆ, ಮದುವೆಗೂ ಬ್ರಾಹ್ಮಣ ಪುರೋಹಿತನನ್ನು ಕರೆಯದೆ ಬಂದ ಕೊಡವರು ಹುಲಿ ಕೊಂದವನನ್ನು ಮದುವಣಿಗನಂತೆ ಮುಕ್ಕಾಲಿಯ ಮೇಲೆ ಕೂರಿಸಿದುದು ಯಾವ ಅಗ್ರಹಾರವನ್ನು ನೋಡಿ?