ಮೂರು ಕೂಗಿನ ಏಲಂ, ಮುಖವಿಲ್ಲದ ಹರಾಜು

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯವರಿಗೆ ಏಲಂ ಎಂದರೇನೆಂದು ವಿವರಿಸಬೇಕಾಗಿಲ್ಲ. ಶುಕ್ರವಾರ ಜುಮಾ ನಮಾಝ್ ಮುಗಿದ ಮೇಲೆ ಹರಕೆಗೆ ಬಂದ ತೆಂಗಿನಕಾಯಿಯನ್ನೋ ಹಲಸಿನ ಹಣ್ಣನ್ನೋ ಊರ ಕೋಳಿಯನ್ನೋ ಒಬ್ಬರು ಎತ್ತಿ ಹಿಡಿದು ಮಸೀದಿಯ ಅಂಗಳದಲ್ಲಿ ಬೆಲೆ ಕೂಗುತ್ತಾರೆ. ದೇವಸ್ಥಾನದ ಜಾತ್ರೆಯಲ್ಲಿ, ಇಗರ್ಜಿಯ ಹಬ್ಬದಲ್ಲಿಯೂ ಇಂಥ ಏಲಂ ಉಂಟು. ಒಂದು ಸಲ, ಎರಡು ಸಲ, ಮೂರು ಸಲ. ಮೂರನೆಯ ಕೂಗು ಮುಗಿಯುವ ತನಕ ಅಲ್ಲಿರುವ ಯಾರು ಬೇಕಾದರೂ ಬೆಲೆ ಏರಿಸಬಹುದು. ವಸ್ತು ಎಲ್ಲರ ಕಣ್ಣೆದುರಿಗಿದೆ, ಕೂಗುವವರು ಎಲ್ಲರಿಗೂ ಗೊತ್ತು, ಕೊಂಡವನು ಯಾರ ಮನೆಯವನೆಂಬುದೂ ಗೊತ್ತು. ಈ ಅಂಗಳವೇ ಈಗ ಮೊಬೈಲಿಗೆ ಬಂದಿದೆ, ಹಳೆಯ ಸಾಮಾನನ್ನು ಮನೆಯಲ್ಲಿ ಕುಳಿತೇ ಏಲಂ ಹಾಕಬಹುದು ಎಂದು ನಮ್ಮಲ್ಲಿ ಅನೇಕರು ಸಂಭ್ರಮಿಸುತ್ತಿದ್ದಾರೆ. ಬಂದಿರುವುದು ನಿಜವಾಗಿ ಆ ಅಂಗಳವೇ ಎಂಬುದನ್ನು ಸ್ವಲ್ಪ ಪರಿಶೀಲಿಸಬೇಕಾಗಿದೆ.

ಆನ್‌ಲೈನ್ ಹರಾಜಿಗೆ ಹೆಸರು ತಂದದ್ದು ಪಿಯರ್ ಒಮಿಡ್ಯಾರ್ ಎಂಬವರು 1995ರಲ್ಲಿ ಅಮೆರಿಕದಲ್ಲಿ ಆರಂಭಿಸಿದ, ಮುಂದೆ ‘ಇಬೇ’ ಎಂದು ಪ್ರಸಿದ್ಧವಾದ ತಾಣ. ಅಲ್ಲಿ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. ಬೆಲೆ 14 ಡಾಲರ್ 83 ಸೆಂಟ್. ಇದು ಕೆಟ್ಟಿದೆಯೆಂದು ನಿಮಗೆ ಗೊತ್ತಲ್ಲವೇ ಎಂದು ಒಮಿಡ್ಯಾರ್ ಕೊಂಡವನನ್ನು ಕೇಳಿದ್ದರಂತೆ. ಭಾರತದಲ್ಲಿ 2000ದಲ್ಲಿ ಶುರುವಾದ ‘ಬಾಝೀ’ ತಾಣವನ್ನು 2004ರಲ್ಲಿ ಇಬೇ ಸುಮಾರು ಐದು ಕೋಟಿ ಡಾಲರಿಗೆ ಖರೀದಿಸಿತು. 2017ರಲ್ಲಿ ಅದು ಫ್ಲಿಪ್‌ಕಾರ್ಟ್ ಕೈಸೇರಿ, 2018ರಲ್ಲಿ ಬಾಗಿಲು ಮುಚ್ಚಿತು.

ಈಗ ನಮ್ಮ ಯುವಕರು ಹಳೆಯ ಬೈಕು, ಮೊಬೈಲು, ಫ್ರಿಜ್ಜುಗಳನ್ನು ಮಾರುವುದು ಓಎಲ್‌ಎಕ್ಸ್‌ನಲ್ಲಿ, ಫೇಸ್‌ಬುಕ್ಕಿನ ಮಾರುಕಟ್ಟೆಯಲ್ಲಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ. ಇದನ್ನು ಏಲಂ ಎಂದು ಕರೆಯುವುದೇ ತಪ್ಪು. ಇಲ್ಲಿ ಹತ್ತು ಮಂದಿ ಹತ್ತು ಕಡೆಯಿಂದ ಗುಟ್ಟಾಗಿ ಬೆಲೆ ಕೇಳುತ್ತಾರೆ. “ಇನ್ನೊಬ್ಬರು ಐನೂರು ಹೆಚ್ಚು ಹೇಳಿದ್ದಾರೆ” ಎಂದು ಮಾರುವವನು ಬರೆದರೆ ಆ ಇನ್ನೊಬ್ಬರು ಇದ್ದಾರೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಮತ್ತೊಬ್ಬನ ಕೂಗು ನಮ್ಮ ಕಿವಿಗೆ ಬೀಳುವುದರಲ್ಲಿಯೇ ಏಲಂನ ಜೀವವಿದೆ. ಕೊಳ್ಳುವ ಮನಸ್ಸಿಲ್ಲದೆ ಬರೇ ಬೆಲೆ ಏರಿಸಲು ಕೂಗುವುದನ್ನು ಇಸ್ಲಾಮಿನ ವ್ಯಾಪಾರ ನಿಯಮ ‘ನಜಶ್’ ಎಂದು ಕರೆದು ನಿಷೇಧಿಸಿದೆ. ಅಂಗಳದಲ್ಲಿ ಅಂಥವನನ್ನು ಎರಡನೆಯ ವಾರಕ್ಕೆ ಊರವರು ಗುರುತು ಹಿಡಿಯುತ್ತಾರೆ. ಪರದೆಯ ಹಿಂದೆ ಅವನಿಗೆ ಹತ್ತು ಹೆಸರು.

ನಿಜವಾದ ಆನ್‌ಲೈನ್ ಹರಾಜಿನಲ್ಲಿಯೂ ಒಂದು ಕೊರತೆಯಿದೆ. ಇಬೇಯಲ್ಲಿ ಹರಾಜು ಮುಗಿಯುವುದು ಗಡಿಯಾರದ ಲೆಕ್ಕದಲ್ಲಿ. ಆದುದರಿಂದ ಜಾಣರು ಕೊನೆಯ ಕ್ಷಣದ ತನಕ ಸುಮ್ಮನಿದ್ದು, ಬೇರೆಯವರಿಗೆ ಉತ್ತರಿಸಲು ಸಮಯವೇ ಇಲ್ಲದಂತೆ ಬೆಲೆ ಹಾಕುತ್ತಾರೆ. ಅಮೆಜಾನ್ ಒಂದು ಕಾಲದಲ್ಲಿ ನಡೆಸುತ್ತಿದ್ದ ಹರಾಜಿನಲ್ಲಿ ಕೊನೆಗೆ ಯಾರಾದರೂ ಕೂಗಿದರೆ ಹತ್ತು ನಿಮಿಷ ಅವಧಿ ವಿಸ್ತರಿಸುವ ಕ್ರಮವಿತ್ತು. ಎರಡನ್ನೂ ಹೋಲಿಸಿದ ಅರ್ಥಶಾಸ್ತ್ರಜ್ಞರು ಕೊನೆಯ ಕ್ಷಣದ ಈ ಆಟ ಅಮೆಜಾನ್‌ನಲ್ಲಿ ಬಹಳ ಕಡಿಮೆಯೆಂದು ಕಂಡುಕೊಂಡರು. ನಮ್ಮ ಮೂರು ಕೂಗಿನ ಕ್ರಮದಲ್ಲಿರುವುದೂ ಇದೇ ನ್ಯಾಯ: ಇನ್ನೊಬ್ಬನಿಗೆ ಯೋಚಿಸಲು ಅವಕಾಶ ಕೊಡದೆ ಯಾರೂ ಗೆಲ್ಲುವಂತಿಲ್ಲ.

ಹಳೆಯ ಸಾಮಾನಿನ ದೊಡ್ಡ ಪ್ರಶ್ನೆ ಬೆಲೆಯದ್ದಲ್ಲ, ದೋಷದ್ದು. ಅಮೆರಿಕದ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಒಂದು ಲೇಖನ ಬರೆದರು. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಿರುವಾಗ ಕೊಳ್ಳುವವನು ಎಲ್ಲ ಕಾರಿಗೂ ಕಡಿಮೆ ಬೆಲೆಯನ್ನೇ ಹೇಳುತ್ತಾನೆ. ಒಳ್ಳೆಯ ಕಾರಿನ ಒಡೆಯ ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಾನೆ. ಕೊನೆಗೆ ಉಳಿಯುವುದು ಕೆಟ್ಟ ಕಾರುಗಳೇ. ಸುಳ್ಳು ಹೇಳುವವನು ಒಬ್ಬ ಗಿರಾಕಿಗೆ ಮಾತ್ರವಲ್ಲ, ಇಡೀ ಪೇಟೆಗೆ ನಷ್ಟ ತರುತ್ತಾನೆ ಎಂಬುದೇ ಇದರ ತಾತ್ಪರ್ಯ. 2001ರ ನೊಬೆಲ್‌ನಲ್ಲಿ ಅವರಿಗೂ ಪಾಲು ದೊರೆಯಿತು.

ಇದೇ ತಿಳುವಳಿಕೆ ನಮ್ಮ ಪರಂಪರೆಯಲ್ಲಿ ಬಹಳ ಹಿಂದೆಯೇ ಇದೆ. ಧಾನ್ಯದ ರಾಶಿಯೊಳಗೆ ಕೈ ಹಾಕಿದ ಪ್ರವಾದಿ(ಸ)ಯವರಿಗೆ ಒಳಗೆ ತೇವ ತಗಲಿದಾಗ, ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆಯೇ ಇಡಬಾರದಿತ್ತೇ ಎಂದು ವ್ಯಾಪಾರಿಯನ್ನು ಕೇಳಿದರು. ಬೇಡಲು ಬಂದ ಬಡವನೊಬ್ಬನ ಮನೆಯಲ್ಲಿದ್ದ ಹಳೆಯ ಹೊದಿಕೆಯನ್ನೂ ನೀರು ಕುಡಿಯುವ ಬಟ್ಟಲನ್ನೂ ತರಿಸಿ, ಸ್ವತಃ ಕೈಯಲ್ಲಿ ಹಿಡಿದು ಅವರು ಏಲಂ ಮಾಡಿದ ಪ್ರಸಂಗ ಅಬೂದಾವೂದ್ ಹದೀಸ್ ಗ್ರಂಥದಲ್ಲಿದೆ. ಒಬ್ಬರು ಒಂದು ದಿರ್ಹಮ್ ಎಂದರು. ಹೆಚ್ಚು ಕೊಡುವವರಿದ್ದಾರೆಯೇ ಎಂದು ಪ್ರವಾದಿ(ಸ) ಎರಡು ಮೂರು ಸಲ ಕೇಳಿದರು. ಎರಡು ದಿರ್ಹಮಿಗೆ ಮಾರಾಟವಾಯಿತು. ಒಂದರಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿ. ಸೌದೆ ಕಡಿದು ಮಾರಿ ಅವನು ಹತ್ತು ದಿರ್ಹಮ್ ಸಂಪಾದಿಸಿದ. ಹಳೆಯ ವಸ್ತುವಿನ ಮಾರಾಟ ನಾಚಿಕೆಯ ಕೆಲಸವಲ್ಲ, ಬೇಡುವುದರಿಂದ ಬಿಡುಗಡೆಯ ದಾರಿ ಎಂದು ತೋರಿಸಲು ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

ಈ ನಾಚಿಕೆಯ ವಿಷಯದಲ್ಲಿ ಆನ್‌ಲೈನ್ ವ್ಯಾಪಾರಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲೇಬೇಕು. ಮನೆಯ ಸಾಮಾನು ಮಾರಿದರೆ ನೆರೆಯವರು ಏನೆಂದುಕೊಂಡಾರೋ ಎಂಬ ಅಂಜಿಕೆ ನಮ್ಮ ಊರುಗಳಲ್ಲಿ ಈಗಲೂ ಇದೆ. ಗಂಡನನ್ನು ಕಳಕೊಂಡ ಹೆಣ್ಣು ಹೊಲಿಗೆ ಯಂತ್ರವನ್ನೋ ಕಪಾಟನ್ನೋ ನಾಲ್ಕು ಜನರ ಬಾಯಿಗೆ ಬೀಳದೆ ಮಾರಬಹುದಾದರೆ ಅದು ಸಣ್ಣ ಸಂಗತಿಯಲ್ಲ. ಗುಜರಿಯವನು ಹೇಳಿದ್ದೇ ಬೆಲೆ ಎಂಬ ಸ್ಥಿತಿಯೂ ಸಡಿಲಾಗಿದೆ.

ಆದರೆ ಆ ಗುಜರಿಯವನ ಬಗ್ಗೆಯೂ ಒಂದು ಮಾತು ಹೇಳಬೇಕು. ಬ್ಯಾರಿಗಳಲ್ಲಿ ಎಷ್ಟೋ ಕುಟುಂಬಗಳು ಈ ಕಸುಬಿನಿಂದ ಹೊಟ್ಟೆ ಹೊರೆದಿವೆ, ಮಕ್ಕಳನ್ನು ಓದಿಸಿವೆ. ತೂಕದಲ್ಲಿ ಮೋಸ ಮಾಡಿದವರೂ ಅವರಲ್ಲಿ ಇರಬಹುದು. ಆದರೂ ಗುಜರಿಯೆಂದರೆ ಮೂಗು ಮುರಿಯುವವರು ಅದೇ ಕೆಲಸ ಆ್ಯಪಿನಲ್ಲಿ ನಡೆದಾಗ ಆಧುನಿಕತೆ ಎನ್ನುವುದು ಯಾವ ನ್ಯಾಯ? ಗುಜರಿ ಅಂಗಡಿಗೆ ಒಂದು ವಿಳಾಸವಿದೆ. ಕದ್ದ ಮಾಲು ಸಿಕ್ಕಿದರೆ ಪೊಲೀಸರು ಬರುವುದು ಮೊದಲು ಅಲ್ಲಿಗೆ. ಆ ಭಯದಿಂದಲಾದರೂ “ಇದು ಎಲ್ಲಿಂದ ಬಂತು?” ಎಂದು ಅವನು ಕೇಳುತ್ತಾನೆ.

ಪರದೆಯ ಮೇಲೆ ಈ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದಿಲ್ಲ. ಕಳವಿನ ಮಾಲೆಂದು ತಿಳಿದೂ ಕೊಂಡರೆ ಅದು ಅಪರಾಧ. ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖವೂ ಇದೆ. 2013ರಲ್ಲಿ ಮೂಡಬಿದಿರೆಯ ಬಸದಿಯೊಂದರಿಂದ ಬೆಲೆಬಾಳುವ ವಿಗ್ರಹಗಳು ಕಳವಾದುದನ್ನು ಇಡೀ ಜಿಲ್ಲೆ ಕಂಡಿದೆ. ನೂರು ವರ್ಷಕ್ಕಿಂತ ಹಳೆಯ ವಿಗ್ರಹ, ಕಲಾವಸ್ತುಗಳು ಮತ್ತು ಮಹತ್ವದ, 75 ವರ್ಷಕ್ಕಿಂತ ಹಳೆಯ ಹಸ್ತಪ್ರತಿಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ಅಜ್ಜನ ಕಾಲದ ಪೆಟ್ಟಿಗೆ, ಕಂಚಿನ ಪಾತ್ರೆ, ಹಳೆಯ ಕೃಷಿ ಉಪಕರಣಗಳನ್ನು ಮಾರುವ ಮುನ್ನ ಬಂಟ್ವಾಳದಲ್ಲಿ ಪ್ರೊ. ತುಕಾರಾಂ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹವನ್ನೋ ಧರ್ಮಸ್ಥಳದ ಮಂಜೂಷಾ ವಸ್ತು ಸಂಗ್ರಹಾಲಯವನ್ನೋ ಒಮ್ಮೆ ನೋಡಿ ಬರುವುದು ಒಳ್ಳೆಯದು. ನಾವು ಗುಜರಿಯೆಂದು ತಿಳಿದದ್ದು ಅಲ್ಲಿ ಚರಿತ್ರೆಯಾಗಿದೆ.

ಮೋಸದ ಬಗ್ಗೆಯೂ ಎಚ್ಚರವಿರಲಿ. ತಾನು ಸೈನಿಕ, ವರ್ಗವಾಗಿದೆ, ಸಾಮಾನು ನೋಡದೆಯೇ ಕೊಳ್ಳುತ್ತೇನೆ ಎಂದು ನಂಬಿಸಿ, ಹಣ ಕಳುಹಿಸುವ ನೆಪದಲ್ಲಿ ಕ್ಯೂಆರ್ ಕೋಡ್ ಕೊಟ್ಟು ಮಾರುವವನ ಖಾತೆಯನ್ನೇ ಬರಿದು ಮಾಡುವ ಜಾಲ ದೇಶವಿಡೀ ಹಬ್ಬಿದೆ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಒತ್ತಿದರೆ ಹೋಗುವುದು ನಮ್ಮ ಹಣ. ಮೋಸಹೋದವರು ತಕ್ಷಣ 1930ಕ್ಕೆ ಕರೆ ಮಾಡಬೇಕು. ಬೈಕು ಮಾರಿದವರು ಆರ್.ಸಿ. ವರ್ಗಾವಣೆಯನ್ನು ಕೊಂಡವನ ಮರ್ಜಿಗೆ ಬಿಡಬಾರದು. ದಾಖಲೆಯಲ್ಲಿ ಹೆಸರಿರುವವನೇ ಮಾಲಕ, ಅಪಘಾತದ ಪರಿಹಾರಕ್ಕೂ ಅವನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ.

ಹಾಗಾದರೆ ಆನ್‌ಲೈನ್ ವ್ಯಾಪಾರವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಅಂಗಳದ ಸಾಕ್ಷಿಯನ್ನು ಅದರೊಳಗೆ ತರಬೇಕು ಎನ್ನುತ್ತಿದ್ದೇವೆ. ಫ್ರಿಜ್ಜಿನ ಬಾಗಿಲು ತುಕ್ಕು ಹಿಡಿದಿದ್ದರೆ ಮೊದಲ ಚಿತ್ರ ಆ ತುಕ್ಕಿನದ್ದೇ ಆಗಲಿ. ಇಲ್ಲದ ಗಿರಾಕಿಯ ಹೆಸರು ಹೇಳಿ ಬೆಲೆ ಏರಿಸದಿರೋಣ. ವಸ್ತುವನ್ನು ಮುಟ್ಟಿ ನೋಡಿ, ಮುಖ ನೋಡಿ ಹಣ ಕೊಡೋಣ. ಬಿ.ಸಿ. ರೋಡಿನಿಂದ ಗುರುವಾಯನಕೆರೆಗೆ ಬಸ್ಸಿನಲ್ಲಿ ಹೋಗಿ ಬರಲು ತಗಲುವ ಖರ್ಚು, ನೋಡದೆ ಕೊಂಡು ಕಳಕೊಳ್ಳುವ ಹಣಕ್ಕಿಂತ ಬಹಳ ಕಡಿಮೆ.