ನೊಂದವರ ನುಡಿ, ನೆರವಾದವರ ನೆನಪು

ಊರ್ವಶಿ ಬುಟಾಲಿಯಾ ಅವರ ‘ದಿ ಅದರ್ ಸೈಡ್ ಆಫ್ ಸೈಲೆನ್ಸ್’ (1998) ಗ್ರಂಥವು 1947ರ ದೇಶವಿಭಜನೆಯ ಸಂಕಟವನ್ನು ಅನುಭವಿಸಿದವರ ಬಾಯಿಂದಲೇ ಕೇಳಿ ಬರೆದುದಾಗಿದೆ. ಇದನ್ನು ಇತಿಹಾಸವೆಂದು ಓದುವುದು ಸಹಜ. ಆದರೆ ನೊಂದವರಿಗೆ ನೆರವಾಗುವುದನ್ನೇ ವೃತ್ತಿಯಾಗಿ ಕೈಕೊಂಡವರಿಗೂ ಇದರಲ್ಲಿ ಪಾಠವುಂಟು.

ಅಪಹೃತರನ್ನು ಹುಡುಕಿ ಒಪ್ಪಿಸಲು ಭಾರತವು 1949ರಲ್ಲಿ ಕಾಯಿದೆ ಮಾಡಿತು. ಅದು 16 ವರ್ಷದೊಳಗಿನ ಬಾಲಕರನ್ನೂ ಯಾವುದೇ ವಯಸ್ಸಿನ ಸ್ತ್ರೀಯರನ್ನೂ ಒಂದೇ ಸಾಲಿನಲ್ಲಿರಿಸಿತು. ಉದ್ದೇಶವು ರಕ್ಷಣೆಯೇ ಸರಿ. ಆದರೆ ಹಿಂದಿರುಗಲು ಆಕೆಗೆ ಮನಸ್ಸುಂಟೇ ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿರಲಿಲ್ಲ. ಹೊಸ ಮನೆಯಲ್ಲಿ ಮಕ್ಕಳನ್ನು ಪಡೆದಿದ್ದ ಕೆಲವರಿಗೆ ಈ ಉದ್ಧಾರವೇ ಎರಡನೆಯ ಅಪಹರಣವಾಯಿತು. ತನ್ನ ಬಾಳಿನ ಮೇಲಣ ಅಧಿಕಾರವನ್ನು ಕಳೆದುಕೊಳ್ಳುವುದೇ ಆಘಾತದ ತಿರುಳೆಂದು ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಪ್ರತಿಪಾದಿಸಿದರು. ಆ ಅಧಿಕಾರವನ್ನು ಮತ್ತೆ ಕಸಿಯುವ ನೆರವು ನೆರವೆನಿಸಲಾರದು.

ಗ್ರಂಥದ ಮಿತಿಯೂ ಇಲ್ಲಿಯೇ ಕಾಣುತ್ತದೆ. ಅಪಹೃತೆಯರ ಸ್ವಂತ ದನಿ ಇದರಲ್ಲಿ ವಿರಳ. ಅವರ ಕಥೆಯನ್ನು ನಾವು ಹೆಚ್ಚಾಗಿ ದಮಯಂತಿ ಸೆಹಗಲ್ ಅವರಂಥ ಕಾರ್ಯಕರ್ತೆಯರ ನೆನಪಿನಿಂದ ತಿಳಿಯಬೇಕಾಗಿದೆ. ಬಲವಂತದಿಂದ ಯಾರನ್ನೂ ನುಡಿಸಲಾಗದು. ಮೌನವನ್ನು ಮನ್ನಿಸುವುದು ಧರ್ಮವೇ ಸರಿ. ಆದರೆ ನೆರವಾದವರ ನೆನಪು, ಅದೆಷ್ಟೇ ಪ್ರಾಮಾಣಿಕವಾಗಿರಲಿ, ನೊಂದವರ ಅನುಭವದ ಸ್ಥಾನದಲ್ಲಿ ನಿಲ್ಲಲಾರದು. ಆ ಮೌನದ ಎದುರು ತನ್ನ ಅರಿವು ಅಪೂರ್ಣವೆಂದು ತಿಳಿದು ನಡೆಯುವುದು ನೆರವಿಗೆ ಬಂದವರ ಮೊದಲ ಕರ್ತವ್ಯ.