ಸಕ್ಕರೆಯ ಗುಡಿ, ಬೆಣ್ಣೆಯ ಪದರು

ಕರೆಮ್ ಎಂಬ ಮಾತಿಗೆ ಫ್ರೆಂಚ್ ಭಾಷೆಯಲ್ಲಿ ಈಸ್ಟರ್ ಹಬ್ಬಕ್ಕೆ ಮುನ್ನ ಆಚರಿಸುವ ಉಪವಾಸದ ಕಾಲ ಎಂದು ಅರ್ಥ. ಯುರೋಪಿನ ದೊರೆಗಳಿಗೂ ಮಂತ್ರಿಗಳಿಗೂ ಸಾಹುಕಾರರಿಗೂ ಔತಣ ಬಡಿಸಿ ಹೆಸರಾದ ಬಾಣಸಿಗನೊಬ್ಬನ ಮನೆತನಕ್ಕೆ ಇದೇ ಹೆಸರಿದ್ದುದು ವಿಧಿಯ ವಿನೋದವೆನ್ನಬೇಕು. ಮಾರಿ ಆಂತ್ವಾನ್ ಕರೆಮ್ 1784ರಲ್ಲಿ, ಕೆಲವರ ಲೆಕ್ಕದಂತೆ ಅದಕ್ಕೆ ಒಂದು ವರ್ಷ ಮುಂಚೆ, ಪ್ಯಾರಿಸ್ಸಿನ ಬಡ ಕೂಲಿಕಾರನ ಮನೆಯಲ್ಲಿ ಹುಟ್ಟಿದ. 1833ರ ಜನವರಿಯಲ್ಲಿ ಅದೇ ಊರಿನಲ್ಲಿ ತೀರಿಕೊಂಡಾಗ ಅವನಿಗೆ ಐವತ್ತು ತುಂಬಿರಲಿಲ್ಲ. ಆ ಅಲ್ಪಾಯುಷ್ಯದಲ್ಲಿ ಅವನು ಫ್ರೆಂಚ್ ಅಡಿಗೆಗೆ, ವಿಶೇಷವಾಗಿ ಅದರ ಪೇಸ್ಟ್ರಿಯ ವಿದ್ಯೆಗೆ, ಒಂದು ಶಾಸ್ತ್ರದ ರೂಪವನ್ನು ಕೊಟ್ಟುಹೋದ.

ಸಾಹಿತ್ಯಕ್ಕೆ ಮೀಸಲಾದ ಪುಟದಲ್ಲಿ ಅಡಿಗೆಯವನ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಕರೆಮ್ ಗ್ರಂಥಕರ್ತನೂ ಹೌದು ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಇದಕ್ಕಿಂತ ಮುಖ್ಯವಾದುದು. ಕಲೆ ಯಾವುದು, ಕಸಬು ಯಾವುದು ಎಂಬ ಪ್ರಶ್ನೆಯನ್ನು ನಾವು ಕವಿತೆ, ಸಂಗೀತ, ಶಿಲ್ಪಗಳನ್ನು ಮುಂದಿಟ್ಟುಕೊಂಡು ಚರ್ಚಿಸುವುದು ರೂಢಿ. ಆ ಪ್ರಶ್ನೆಯನ್ನು ಒಲೆಯ ಮುಂದೆ ನಿಂತು ಜೀವಮಾನವೆಲ್ಲ ಕೇಳಿಕೊಂಡವನು ಕರೆಮ್. ಅವನು ಕೊಟ್ಟುಕೊಂಡ ಉತ್ತರ ಒಂದು. ಅವನ ಕೈಗಳು ಕೊಟ್ಟ ಉತ್ತರ ಮತ್ತೊಂದು. ಈ ಎರಡರ ನಡುವಣ ಅಂತರವೇ ಅವನ ಗ್ರಂಥಗಳನ್ನು ಇಂದಿಗೂ ವಿಮರ್ಶೆಗೆ ಅರ್ಹವಾಗಿಸಿದೆ.

ಅವನ ಬಾಲ್ಯ ಫ್ರಾನ್ಸಿನ ಮಹಾಕ್ರಾಂತಿಯ ಬಾಲ್ಯ. ಹುಡುಗನಿಗೆ ಹತ್ತು ವರ್ಷವಾಗುವ ಹೊತ್ತಿಗೆ ತಂದೆ ಅವನನ್ನು ಪಟ್ಟಣದ ಬಾಗಿಲಲ್ಲಿ ಬಿಟ್ಟು, ಬುದ್ಧಿಯುಳ್ಳವನಿಗೆ ದಾರಿ ಸಿಕ್ಕೀತು ಎಂದು ಹರಸಿ ಹೊರಟುಹೋದನೆಂದು ಕಥೆ. ಕಥೆಯಲ್ಲಿ ಎಷ್ಟು ಬಣ್ಣವಿದ್ದರೂ ಇರಲಿ, ಹುಡುಗ ಒಂದು ಅಗ್ಗದ ಊಟದ ಮನೆಯಲ್ಲಿ ಚಾಕರಿಗೆ ಸೇರಿ ಬೆಳೆದದ್ದು ನಿಜ. 1798ರ ಸುಮಾರಿಗೆ ಅವನು ವಿವಿಯೆನ್ ಬೀದಿಯಲ್ಲಿ ಹೆಸರುವಾಸಿಯಾಗಿದ್ದ ಸಿಲ್ವಾನ್ ಬಾಯಿ ಎಂಬ ಪೇಸ್ಟ್ರಿಗಾರನ ಅಂಗಡಿಯಲ್ಲಿ ಶಿಷ್ಯವೃತ್ತಿಗೆ ನಿಂತ. ರಾಷ್ಟ್ರೀಯ ಗ್ರಂಥಾಲಯ ಅಲ್ಲಿಂದ ಕೂಗಳತೆಯಲ್ಲಿತ್ತು. ಯಜಮಾನ ಉದಾರಿ, ವಾರದಲ್ಲಿ ಕೆಲವು ಗಂಟೆ ಬಿಡುವು ಕೊಟ್ಟು ಹುಡುಗನನ್ನು ಅಲ್ಲಿಗೆ ಹೋಗಗೊಟ್ಟ. ಶಾಲೆಯ ಭಾಗ್ಯವಿಲ್ಲದ ಆ ಶಿಷ್ಯ ಗ್ರಂಥಾಲಯದ ಚಿತ್ರಸಂಗ್ರಹದ ಮುಂದೆ ಕುಳಿತು ಗ್ರೀಸಿನ ದೇವಾಲಯ, ರೋಮಿನ ಮಂಟಪ, ಈಜಿಪ್ಟಿನ ಕಂಬಗಳ ನಕ್ಷೆಗಳನ್ನು ಕಣ್ಣು ನೋಯುವಂತೆ ನೋಡಿ ನಕಲು ತೆಗೆದ. ಹಗಲು ಕಾಗದದ ಮೇಲೆ ಬರೆದದ್ದನ್ನು ರಾತ್ರಿ ಹಿಟ್ಟಿನಲ್ಲಿಯೂ ಸಕ್ಕರೆಯಲ್ಲಿಯೂ ಕಟ್ಟಿದ.

ಹೀಗೆ ಹುಟ್ಟಿದವು ಅವನಿಗೆ ಕೀರ್ತಿ ತಂದ ಮೇಜಿನ ಕಟ್ಟಡಗಳು. ಸಕ್ಕರೆಯ ಪುಡಿಗೆ ಗೋಂದು ಬೆರೆಸಿ ನಾದಿದ ಮುದ್ದೆ, ಬಾದಾಮಿಯ ಹಿಟ್ಟು, ಗಟ್ಟಿಯಾಗಿ ಬೇಯಿಸಿದ ಕಣಕ, ಎಳೆಪಾಕವನ್ನೂ ಮೀರಿ ಕಾಯಿಸಿ ನೂಲಿನಂತೆ ತೆಗೆದ ಸಕ್ಕರೆ, ಇವೇ ಅವನ ಕಲ್ಲು, ಗಾರೆ, ಮರ. ಅವುಗಳಿಂದ ಗುಡಿಗಳು ಎದ್ದವು. ಕೋಟೆ, ಕಾರಂಜಿ, ಜಲಪಾತ, ಪಾಳುಬಿದ್ದ ಗೋಪುರ, ಋಷಿಗಳ ಕುಟೀರ ಎಲ್ಲವೂ ಎದ್ದವು. ಔತಣದ ಮೇಜಿನ ನಡುವೆ ಅವುಗಳನ್ನು ನಿಲ್ಲಿಸಿದರೆ ಅತಿಥಿಗಳು ಉಣ್ಣುವುದನ್ನು ಮರೆತು ನೋಡುತ್ತಿದ್ದರು. ಬಾಯಿಯ ಅಂಗಡಿಯ ಗಿರಾಕಿಯಾಗಿದ್ದ ರಾಜತಂತ್ರಜ್ಞ ತಾಲೆರಾನನ ಕಣ್ಣಿಗೆ ಹುಡುಗ ಬಿದ್ದ. ಅಲ್ಲಿಂದ ಮುಂದೆ ಅವನ ಜೀವನ ಯುರೋಪಿನ ಇತಿಹಾಸದ ಬೆನ್ನಿಗೆ ಅಂಟಿಕೊಂಡು ಸಾಗಿತು. 1803ರಿಂದ ಹತ್ತು ವರ್ಷ ರ್ಯೂ ದ ಲಾ ಪೇ ಎಂಬ ಬೀದಿಯಲ್ಲಿ ಅವನದೇ ಅಂಗಡಿ ಇತ್ತು. 1810ರಲ್ಲಿ ನೆಪೋಲಿಯನ್ ಆಸ್ಟ್ರಿಯದ ರಾಜಕುಮಾರಿಯನ್ನು ವರಿಸಿದಾಗ ನಡೆದ ಔತಣದಲ್ಲಿ ಅವನ ಕೈ ಇತ್ತು. 1814ರಲ್ಲಿ ಆ ನೆಪೋಲಿಯನ್ನನನ್ನು ಸೋಲಿಸಿ ರಷ್ಯದ ಚಕ್ರವರ್ತಿ ಅಲೆಕ್ಸಾಂಡರ್ ಪ್ಯಾರಿಸ್ಸಿಗೆ ಬಂದಾಗ ಅವನಿಗೆ ಬಡಿಸಿದ್ದೂ ಇವನೇ. 1816ರಲ್ಲಿ ಇಂಗ್ಲೆಂಡಿಗೆ ಹೋಗಿ, ಮುಂದೆ ನಾಲ್ಕನೆಯ ಜಾರ್ಜ್ ಎನಿಸಿದ ಯುವರಾಜನ ಬ್ರೈಟನ್ ಅರಮನೆಯಲ್ಲಿ ಅಡಿಗೆ ಮಾಡಿದ. 1819ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿಬಂದ. ಕೊನೆಗೆ ಪ್ಯಾರಿಸ್ಸಿನಲ್ಲಿ ಜೇಮ್ಸ್ ರಾಥ್‌ಚೈಲ್ಡನ ಮನೆಯಲ್ಲಿ ನೆಲೆಸಿದ. ಸಿಂಹಾಸನಗಳು ಉರುಳಿದವು, ಇವನ ಒಲೆ ಆರಲಿಲ್ಲ.

ವಾಟರ್ಲೂ ಯುದ್ಧ ನಡೆದ 1815ರಲ್ಲಿಯೇ ಅವನ ಎರಡು ಗ್ರಂಥಗಳು ಹೊರಬಂದವು. ಒಂದು, ಪೇಸ್ಟ್ರಿಯ ಕೆಲಸವನ್ನು ಆದಿಯಿಂದ ಅಂತ್ಯದವರೆಗೆ ಬೋಧಿಸುವ ‘ಲ ಪಾತಿಸಿಯೇ ರೊಯಾಲ್ ಪಾರಿಸಿಯನ್’. ಇನ್ನೊಂದು, ಸಕ್ಕರೆಯ ಕಟ್ಟಡಗಳಿಗೇ ಮೀಸಲಾದ ‘ಲ ಪಾತಿಸಿಯೇ ಪಿತೊರೆಸ್ಕ್’. ಎರಡನೆಯದರಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಿವೆ; ಅವನೇ ಬರೆದ ಚಿತ್ರಗಳು. ಅದರ ಜೊತೆಗೆ ವಾಸ್ತುಶಿಲ್ಪದ ಐದು ಕ್ರಮಗಳನ್ನು, ಇಟಲಿಯ ಆಚಾರ್ಯ ವಿನ್ಯೋಲನನ್ನು ಅನುಸರಿಸಿ, ಕಂಬದ ಬುಡದಿಂದ ಬೋದಿಗೆಯವರೆಗಿನ ಅಳತೆಗಳೊಡನೆ ವಿವರಿಸಿದ್ದಾನೆ. ಅಡಿಗೆಯ ಪುಸ್ತಕ ತೆರೆದವನಿಗೆ ಡೋರಿಕ್ ಕಂಬದ ಲಕ್ಷಣ ಎದುರಾಗುವ ಸೋಜಿಗ ಇಲ್ಲಿ ಮಾತ್ರ ಉಂಟು. ಲಲಿತಕಲೆಗಳನ್ನು ಎಣಿಸಿ, ಅವುಗಳಲ್ಲಿ ವಾಸ್ತುಶಿಲ್ಪದ ಮುಖ್ಯ ಶಾಖೆ ಪೇಸ್ಟ್ರಿಯೇ ಎಂದು ಸಾರಿದ ಮಾತೊಂದು ಅವನ ಹೆಸರಿನಲ್ಲಿ ಪ್ರಚಾರದಲ್ಲಿದೆ. ಅದನ್ನು ಅವನು ಆಡಿದ್ದರೂ ಇಲ್ಲದಿದ್ದರೂ ಅವನ ಹೃದಯದಲ್ಲಿದ್ದುದು ಅದೇ.

ಆ ಚಿತ್ರಗಳನ್ನು ನೋಡುವಾಗ ಮೆಚ್ಚುಗೆಯೊಡನೆ ಒಂದು ಅತೃಪ್ತಿಯೂ ಮೂಡದಿರದು. ಗೆರೆ ಖಚಿತ, ಪ್ರಮಾಣ ನಿರ್ದುಷ್ಟ, ಕಲ್ಪನೆಗೆ ಬಡತನವಿಲ್ಲ. ಆದರೆ ಈ ಗುಡಿ ಸಕ್ಕರೆಯದೇ ಏಕಾಗಬೇಕು? ಅದನ್ನು ಗಾರೆಯಲ್ಲಿ ಮಾಡಿದ್ದರೆ ಏನು ಕಡಿಮೆಯಾಗುತ್ತಿತ್ತು? ನಮ್ಮ ಆಲಂಕಾರಿಕರಲ್ಲಿ ವಾಮನನು ಕಾವ್ಯದ ‘ಪಾಕ’ವನ್ನು ಕುರಿತು ಒಂದು ಒರೆಗಲ್ಲನ್ನು ಕೊಟ್ಟಿದ್ದಾನೆ. ಯಾವ ರಚನೆಯಲ್ಲಿ ಒಂದು ಪದವನ್ನು ತೆಗೆದು ಅದರ ಸ್ಥಾನದಲ್ಲಿ ಇನ್ನೊಂದನ್ನು ಇಡಲು ಬರುವುದಿಲ್ಲವೋ ಅಲ್ಲಿ ಪಾಕ ಸಿದ್ಧಿಸಿದೆ ಎಂಬುದು ಅದರ ತಾತ್ಪರ್ಯ. ಅಡಿಗೆಮನೆಯಿಂದ ಕಾವ್ಯಮೀಮಾಂಸೆಗೆ ಬಂದ ಮಾತನ್ನು ಮರಳಿ ಅಡಿಗೆಯವನಿಗೆ ಅನ್ವಯಿಸುವುದರಲ್ಲಿ ತಪ್ಪೇನೂ ಇಲ್ಲ. ಈ ಒರೆಗಲ್ಲಿನ ಮೇಲೆ ಸಕ್ಕರೆಯ ಗುಡಿ ನಿಲ್ಲುವುದಿಲ್ಲ. ಸಕ್ಕರೆಯನ್ನು ತೆಗೆದು ಗಾರೆಯನ್ನು ಇಟ್ಟರೂ ಗುಡಿ ಗುಡಿಯೇ. ಅನೇಕ ವೇಳೆ ಅದನ್ನು ಯಾರೂ ತಿನ್ನುತ್ತಲೂ ಇರಲಿಲ್ಲ. ರುಚಿಗಾಗಿ ಇರುವ ವಸ್ತು ರುಚಿಯನ್ನು ಮರೆತು ಕಲ್ಲಿನ ವೇಷ ತೊಟ್ಟಿತು. ವೇಷ ಎಷ್ಟೇ ಸೊಗಸಾಗಿರಲಿ, ಸ್ವರೂಪವಾಗದು.

ಇದೇ ಒರೆಗಲ್ಲಿಗೆ ಅವನ ಮೊದಲ ಗ್ರಂಥದ ಪದರುಹಿಟ್ಟಿನ ಪ್ರಕರಣವನ್ನು ತಿಕ್ಕಿ ನೋಡೋಣ. ಚಿರೋಟಿ ಮಾಡಿ ಬಲ್ಲ ಮನೆಗಳಲ್ಲಿ ಪದರಿನ ಮರ್ಮ ಗೊತ್ತಿರುವುದೇ. ಫ್ರೆಂಚರ ಕ್ರಮದಲ್ಲಿ ನೀರು ಹಾಕಿ ಕಲಸಿದ ಹಿಟ್ಟಿನ ಕಣಕದೊಳಗೆ ಬೆಣ್ಣೆಯ ಹಲಗೆಯನ್ನಿಟ್ಟು ಮುಚ್ಚುತ್ತಾರೆ. ಲಟ್ಟಿಸಿ ಮೂರು ಮಡಿಕೆ ಮಡಿಸುತ್ತಾರೆ. ತಣ್ಣಗೆ ವಿರಮಿಸಲು ಬಿಟ್ಟು, ತಿರುಗಿಸಿ ಮತ್ತೆ ಲಟ್ಟಿಸುತ್ತಾರೆ. ಹೀಗೆ ಆರು ಸಲ. ಒಂದು ಪದರು ಬೆಣ್ಣೆ ಮೂರಾಗುತ್ತದೆ, ಮೂರು ಒಂಬತ್ತಾಗುತ್ತದೆ. ಆರನೆಯ ಸಲಕ್ಕೆ ಲೆಕ್ಕ 729 ಆಗುತ್ತದೆ. ಒಲೆಯ ಕಾವಿಗೆ ಒಳಗಿನ ನೀರು ಆವಿಯಾಗಿ ಮೇಲೇಳಲು ಯತ್ನಿಸುತ್ತದೆ. ಬೆಣ್ಣೆಯ ಜಿಡ್ಡು ಪದರಿಗೆ ಪದರು ಅಂಟದಂತೆ ತಡೆಯುತ್ತದೆ. ಹಿಟ್ಟು ಹೂವಿನಂತೆ ಬಿರಿಯುತ್ತದೆ. ಬೆಣ್ಣೆ ಕಣಕಕ್ಕಿಂತ ಮೆತ್ತಗಿದ್ದರೆ ಅಂಚಿನಲ್ಲಿ ಹೊರಗೆ ಸೋರುತ್ತದೆ; ಗಟ್ಟಿಯಿದ್ದರೆ ಪದರನ್ನು ಹರಿಯುತ್ತದೆ. ಎರಡೂ ಒಂದೇ ಹದಕ್ಕೆ ಬರಬೇಕು. ಆ ಹದ ಬೇಸಿಗೆಯಲ್ಲಿ ಒಂದು, ಚಳಿಗಾಲದಲ್ಲಿ ಒಂದು. ಅದನ್ನು ತಿಳಿಯುವುದು ಬೆರಳು.

ಈ ವಿದ್ಯೆ ಕರೆಮನ ಸೃಷ್ಟಿಯಲ್ಲ. ಲಾ ವರೆನ್ ಎಂಬುವನು 1651ರಲ್ಲಿ ಪ್ರಸಿದ್ಧ ಪಾಕಗ್ರಂಥವನ್ನು ಪ್ರಕಟಿಸಿದ ಕಾಲಕ್ಕೇ ಅದು ಫ್ರಾನ್ಸಿನಲ್ಲಿ ಬಳಕೆಯಲ್ಲಿತ್ತು. ಕರೆಮ್ ಮಾಡಿದ್ದು ಅದಕ್ಕೆ ಕ್ರಮವನ್ನೂ ಅಳತೆಯನ್ನೂ ಕೊಟ್ಟು, ಗುರುವಿನ ಕಿವಿಮಾತಾಗಿದ್ದುದನ್ನು ಎಲ್ಲರೂ ಓದಬಲ್ಲ ಪಾಠವಾಗಿಸಿದ್ದು. ‘ವೊಲೊವಾಂ’ ಎಂಬ ತಿನಿಸಿನ ಕೀರ್ತಿಯನ್ನು ಫ್ರೆಂಚರ ಸಂಪ್ರದಾಯ ಅವನಿಗೇ ಕೊಡುತ್ತದೆ. ಗಾಳಿಗೆ ಹಾರುವಂಥದು ಎಂದು ಆ ಹೆಸರಿನ ಅರ್ಥ. ಪದರುಹಿಟ್ಟಿನ ದುಂಡನೆಯ ಗೂಡು ತನ್ನಷ್ಟಕ್ಕೆ ಮೇಲೆದ್ದು ಗೋಪುರವಾಗುತ್ತದೆ. ಅದರ ಹೊಟ್ಟೆಯಲ್ಲಿ ಹೂರಣ. ಇದೂ ಒಂದು ಕಟ್ಟಡವೇ. ಆದರೆ ಇದನ್ನು ಎಬ್ಬಿಸಿದ್ದು ಕಂಬದ ನಕ್ಷೆಯಲ್ಲ, ಹಿಟ್ಟು, ಬೆಣ್ಣೆ, ಬಿಸಿಗಳ ಸ್ವಭಾವ. ಇಲ್ಲಿ ಬೆಣ್ಣೆಯನ್ನು ತೆಗೆದು ಬೇರೊಂದನ್ನು ಇಟ್ಟರೆ ಅದೇ ವಸ್ತು ಉಳಿಯುವುದಿಲ್ಲ. ರೂಪವೂ ರುಚಿಯೂ ಒಂದೇ ಉಸಿರಿನಲ್ಲಿ ಹುಟ್ಟಿವೆ. ವಾಮನನ ಅರ್ಥದಲ್ಲಿ ಇದು ಪಾಕ.

ಬರೆಹಗಾರನಾಗಿ ಕರೆಮನಲ್ಲಿ ದೋಷಗಳು ಕಡಿಮೆಯೇನಲ್ಲ. ಆತ್ಮಪ್ರಶಂಸೆ ಹೆಜ್ಜೆಹೆಜ್ಜೆಗೂ ಇಣುಕುತ್ತದೆ. ಹಿಂದಿನವರ ಪುಸ್ತಕಗಳನ್ನು ಜರೆಯುವುದರಲ್ಲಿ ಅವನಿಗೆ ದಾಕ್ಷಿಣ್ಯವಿಲ್ಲ. 1822ರ ‘ಲ ಮೇತ್ರ್ ದೊತೆಲ್ ಫ್ರಾಂಸೇ’ ಎಂಬ ಗ್ರಂಥದಲ್ಲಿ ಪ್ಯಾರಿಸ್, ಸೇಂಟ್ ಪೀಟರ್ಸ್‌ಬರ್ಗ್, ಲಂಡನ್, ವಿಯೆನ್ನಾಗಳಲ್ಲಿ ಋತುಋತುವಿಗೆ ಬಡಿಸಿದ ಊಟದ ಪಟ್ಟಿಗಳು ಪುಟಗಟ್ಟಲೆ ಸಾಗುತ್ತವೆ. ಇತಿಹಾಸಕಾರನಿಗೆ ಅವು ನಿಧಿ, ರಸಿಕನಿಗೆ ಭಾರ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಕೈ ಹಿಡಿದು ಹೇಳಿಕೊಡುವ ಕಡೆಯಲ್ಲಿ ಅವನ ಗದ್ಯ ಬೇರೆಯಾಗುತ್ತದೆ. ಆಡಂಬರ ಸರಿದು ಅನುಭವ ಮಾತನಾಡುತ್ತದೆ. ಕೆಲಸ ಎಲ್ಲಿ ಕೆಡಬಹುದು, ಏಕೆ ಕೆಡುತ್ತದೆ ಎಂಬುದನ್ನು ಬಲ್ಲವನ ಎಚ್ಚರ ಅಲ್ಲಿದೆ. ದೊರೆಗಳಿಗೆ ಬಡಿಸಿದ ಈ ಮನುಷ್ಯ ತನ್ನ ಕೊನೆಯ ದೊಡ್ಡ ಗ್ರಂಥವಾದ ‘ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಅಡಿಗೆಯ ಕಲೆ’ಯನ್ನು ಆರಂಭಿಸಿದ್ದು ಸಾಮಾನ್ಯ ಸಂಸಾರಿಯ ಮನೆಯಲ್ಲಿ ಮಂದ ಉರಿಯ ಮೇಲೆ ಬೇಯುವ ಮಾಂಸದ ಸಾರಿನಿಂದ. ಅಷ್ಟು ಹೊತ್ತಿಗೆ ಅವನ ಕೈಗೆ ತಿಳಿದಿದ್ದುದು ಅವನ ಲೇಖನಿಗೂ ತಿಳಿದಿತ್ತೆಂದು ಕಾಣುತ್ತದೆ.

ಅವನ ಆಸೆಯ ದುರಂತವನ್ನೂ ಹೇಳದೆ ಬಿಡಲಾಗದು. ಸಕ್ಕರೆಯ ಶಿಲ್ಪಿಗೆ ಕಲ್ಲಿನ ಶಿಲ್ಪಿಯಾಗುವ ಹಂಬಲವಿತ್ತು. ಸೇಂಟ್ ಪೀಟರ್ಸ್‌ಬರ್ಗ್ ನಗರವನ್ನು ಅಲಂಕರಿಸಲು ಸ್ಮಾರಕಗಳ ನಕ್ಷೆಗಳನ್ನು ರಚಿಸಿ 1821ರಲ್ಲಿ ಅಲೆಕ್ಸಾಂಡರನಿಗೆ ಅರ್ಪಿಸಿದ. ಪ್ಯಾರಿಸ್ಸಿಗಾಗಿಯೂ ಅಂಥವೇ ನಕ್ಷೆಗಳನ್ನು ಮುದ್ರಿಸಿದ. ಅವು ಕಾಗದದಲ್ಲಿಯೇ ಉಳಿದವು. ತನ್ನ ಕಸಬಿಗೆ ಲೋಕ ಕೊಡದ ಗೌರವವನ್ನು ಇನ್ನೊಂದು ಕಲೆಯ ಹೆಸರಿನಲ್ಲಿ ಪಡೆಯಲು ಹವಣಿಸಿದವನ ನೋವು ಅದರಲ್ಲಿದೆ. ಗಂಜಿಗಾಗಿ ದುಡಿದ ಹುಡುಗ ಕಲಾವಿದನೆನಿಸಿಕೊಳ್ಳಲು ಬಯಸಿದ್ದನ್ನು ಯಾರು ತಪ್ಪೆಂದಾರು? ಆದರೆ ಆ ಗೌರವಕ್ಕೆ ಬೇಕಾದ ಹಕ್ಕುಪತ್ರ ಅವನ ಲಟ್ಟಣಿಗೆಯ ಕೆಳಗೇ ಇತ್ತು.

ಆ ಹಕ್ಕಿಗೆ ಅವನು ತೆತ್ತ ಬೆಲೆ ಸಣ್ಣದಲ್ಲ. ಆ ಕಾಲದ ಅಡಿಗೆಮನೆಗಳಲ್ಲಿ ಉರಿಯುತ್ತಿದ್ದುದು ಇದ್ದಿಲು. ಬಡಿಸುವ ಹೊತ್ತಿಗೆ ತಿನಿಸು ಆರದಿರಲೆಂದು ಕಿಟಕಿಗಳನ್ನು ಮುಚ್ಚುತ್ತಿದ್ದರು. ಆ ಬೇಗೆಯಲ್ಲಿ, ಆ ವಿಷದ ಗಾಳಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಹತ್ತಾರು ಮಂದಿಯ ದುಡಿಮೆ. ಇದ್ದಿಲು ತಮ್ಮನ್ನು ಕೊಲ್ಲುತ್ತಿದೆಯೆಂದು ಅವನೇ ಬರೆದಿದ್ದಾನೆ. ಅವನ ಆಯುಷ್ಯ ಮೊಟಕಾದದ್ದು ಅದರಿಂದಲೇ ಎಂದು ಊಹಿಸುವವರುಂಟು. ಕೊನೆಯ ಗ್ರಂಥದ ಅಂತ್ಯಭಾಗವನ್ನು ಬರೆಯಲು ಕಾಲ ಸಾಲಲಿಲ್ಲ. ಪ್ಲ್ಯೂಮೆರೇ ಎಂಬ ಸಹವೃತ್ತಿಯವನು ಅದನ್ನು ಮುಗಿಸಿ 1840ರ ದಶಕದಲ್ಲಿ ಹೊರತಂದ.

1829ರಲ್ಲಿ ಐರ್ಲೆಂಡಿನ ಲೇಖಕಿ ಲೇಡಿ ಮಾರ್ಗನ್ ರಾಥ್‌ಚೈಲ್ಡರ ಔತಣಕ್ಕೆ ಬಂದಾಗ ಸಕ್ಕರೆಯ ಕಂಬವೊಂದರ ಮೇಲೆ ಆಕೆಯ ಹೆಸರನ್ನು ಕರೆಮ್ ಮೂಡಿಸಿದ್ದ. ಆಕೆ ಮರುವರ್ಷ ಪ್ರಕಟವಾದ ತನ್ನ ಫ್ರಾನ್ಸ್ ಪ್ರವಾಸದ ಗ್ರಂಥದಲ್ಲಿ ಅವನನ್ನು ಮನಸಾರೆ ಹೊಗಳಿದಳು. ಸಕ್ಕರೆಯ ಅಕ್ಷರಗಳು ಅಂದೇ ಹೋದವು. ಮಸಿಯ ಅಕ್ಷರಗಳು ಉಳಿದಿವೆ. ತಿನಿಸಿನ ಕಲೆಗಾರನಿಗೆ ಅಕ್ಷರದ ಆಶ್ರಯ ಎಷ್ಟು ಅಗತ್ಯವೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಪ್ರಸಂಗ ಇನ್ನೊಂದಿಲ್ಲ.

ಕಾಲವು ತನ್ನ ವಿಮರ್ಶೆಯನ್ನು ಮಾಡಿಯಾಗಿದೆ. 1903ರಲ್ಲಿ ತನ್ನ ಪ್ರಸಿದ್ಧ ಕೈಪಿಡಿಯನ್ನು ಪ್ರಕಟಿಸಿದ ಎಸ್ಕಾಫಿಯೇ, ಕರೆಮನನ್ನು ಗೌರವಿಸುತ್ತಲೇ, ಮೇಜಿನ ಮೇಲಿನ ಅನಗತ್ಯ ಅಲಂಕಾರವನ್ನು ಕಳಚಿದ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಾಸ್ತಾಂ ಲನೋತ್ರ್ ಫ್ರೆಂಚ್ ಪೇಸ್ಟ್ರಿಯನ್ನು ಇನ್ನಷ್ಟು ಹಗುರಗೊಳಿಸಿದ. ಗುಡಿಗೋಪುರಗಳು ಇಂದು ಸ್ಪರ್ಧೆಗಳಲ್ಲಿ, ಮದುವೆಗಳಲ್ಲಿ ಮಾತ್ರ ಕಾಣಸಿಗುತ್ತವೆ. ಪದರುಹಿಟ್ಟು ಮಾತ್ರ ಪ್ರತಿ ಬೆಳಗೂ ಸಾವಿರಾರು ಅಂಗಡಿಗಳಲ್ಲಿ ಆರು ಸಲ ಮಡಿಕೆಯಾಗುತ್ತಿದೆ. ಕರೆಮ್ ಯಾವುದನ್ನು ತನ್ನ ಶಿಖರವೆಂದು ಭಾವಿಸಿದನೋ ಅದು ಕರಗಿತು. ಯಾವುದನ್ನು ತನ್ನ ತಳಪಾಯವೆಂದು ಹಾಕಿದನೋ ಅದರ ಮೇಲೆ ಉಳಿದವರು ಮನೆ ಕಟ್ಟಿಕೊಂಡು ಬಾಳುತ್ತಿದ್ದಾರೆ. ಕಲೆಗಾರನನ್ನು ಅಳೆಯುವಾಗ ಅವನ ಘೋಷಣೆಗಿಂತ ಅವನ ಕೈಕೆಲಸವನ್ನು ನಂಬುವುದು ಕ್ಷೇಮ. ಆ ಅಳತೆಯಲ್ಲಿ ಕರೆಮ್ ತಾನು ಎಣಿಸಿಕೊಂಡದ್ದಕ್ಕಿಂತ ದೊಡ್ಡವನು.